ಶರತ್ಕಾಲದ ಮೇಜಿನ ಅಲಂಕಾರ: ಸೈದಾಪುರ ಆವೃತ್ತಿ

ಚಳಿದೇಶದ ಯಾರೋ ಒಬ್ಬರು ಕಟ್ಟಿಗೆಯಲ್ಲಿ ಪುಟ್ಟ ಕುಂಬಳಕಾಯಿ, ಮೇಪಲ್ ಎಲೆ, ಓಕ್ ಕಾಯಿ, ಬಾಲವೆತ್ತಿ ಕುಂತ ಇಣಚಿ ಕೆತ್ತಿ, ಊಟದ ಮೇಜಿನ ನಟ್ಟನಡುವೆ ಸಾಲಾಗಿ ಇಟ್ಟದ್ದನ್ನು ನೀವು ರಾತ್ರಿ ಮಲಗಿಕೊಂಡು ಫೋನಿನಲ್ಲಿ ನೋಡಿದ್ದೀರಿ. ಬೆಳಗಾಗುವುದರೊಳಗೆ ನಿಮಗೂ ಅದು ಬೇಕಾಗಿದೆ. ತಪ್ಪೇನಿಲ್ಲ. ಯಾದಗಿರಿ ದಾಟಿ ರಾಯಚೂರು ಬರುವ ಮುಂಚೆ, ಬಹಳಷ್ಟು ರೈಲುಗಳು ನಿಲ್ಲದೇ ಓಡುವ ಊರಿನವರಿಗೂ ಮೇಜು ಸಿಂಗರಿಸುವ ಹಕ್ಕಿದೆ. ಆ ಹಕ್ಕನ್ನು ಕೈಬೆರಳು ಉಳಿಸಿಕೊಂಡು ಚಲಾಯಿಸುವುದು ಹೇಗೆಂದು ಈ ಕೈಪಿಡಿ ತಿಳಿಸುತ್ತದೆ. ಓದುವಾಗ ಹಂತಗಳನ್ನು ಬಿಡಬಾರದು. ಮಾಡುವಾಗ ಬಿಟ್ಟರೆ ನಡೆದೀತು.

ಬೇಕಾಗುವ ಸಾಮಾನು 1: ಮೇಜು

ಮನೆಯಲ್ಲಿ ಊಟದ ಮೇಜು ಇದೆಯೇ ನೋಡಿ. ಇದ್ದರೆ, ಅದರ ಮೇಲೆ ಜಾಗ ಇದೆಯೇ ನೋಡಿ. ಇಸ್ತ್ರಿಗೆ ಕಾದ ಬಟ್ಟೆ, ಪಹಣಿಯ ಝೆರಾಕ್ಸ್, ಅಪ್ಪಾಜಿಯ ಬಿಪಿ ಗುಳಿಗೆ, ಬೀಜದಂಗಡಿಯ ರಸೀದಿ, ಯಾರದೋ ಮದುವೆಯಲ್ಲಿ ಬಂದ ಗಡಿಯಾರ, ಇವೆಲ್ಲ ಅಲ್ಲಿ ಬಹಳ ವರ್ಷಗಳಿಂದ ವಾಸವಾಗಿವೆ. ಊಟ ನಡೆಯುವುದು ಕೆಳಗೆ, ಶಹಾಬಾದ್ ಪರಸಿಯ ತಂಪಿನ ಮೇಲೆ. ಫೋನಿನಲ್ಲಿ ಕಂಡ ಮೇಜು ಖಾಲಿ ಇದ್ದದ್ದು ಆ ಮನೆಯಲ್ಲಿ ಬೆಳೆಸಾಲ ತೆಗೆದವರು ಯಾರೂ ಇಲ್ಲದ್ದರಿಂದ.

ಟಿವಿ ಇಟ್ಟ ಮೇಜು ನಡೆಯುತ್ತದೆ. ಟೀಪಾಯಿ ಇನ್ನೂ ಒಳ್ಳೆಯದು, ಆದರೆ ಬಂದವರು ಅದರ ಮೇಲೆ ಚಾದ ಕಪ್ಪು ಇಡುವುದು ಗ್ಯಾರಂಟಿ. ಹೊಲಿಗೆ ಯಂತ್ರದ ಮೇಜಿನ ತಂಟೆಗೆ ಹೋಗಬೇಡಿ. ಅದು ಮನೆಯಲ್ಲಿ ದುಡಿಯುವ ಒಂದೇ ಮೇಜು.

ಬೇಕಾಗುವ ಸಾಮಾನು 2: ಶರತ್ಕಾಲ

ಇದು ಅಂಗಡಿಯಲ್ಲಿ ಸಿಗುವುದಿಲ್ಲ. ಪಂಚಾಂಗದಲ್ಲಿ ಮಾತ್ರ ಇದೆ: ಆಶ್ವೀಜ ಮತ್ತು ಕಾರ್ತಿಕ. ಫೋನಿನವರು ಹೇಳುವ ಗುರುತು ಹಿಡಿದು ಹುಡುಕಿದರೆ ಸೈದಾಪುರದಲ್ಲಿ ಶರತ್ಕಾಲ ಸಿಕ್ಕುವುದೇ ಇಲ್ಲ. ಅವರಿಗೆ ಎಲೆ ಉದುರಬೇಕು. ನಮ್ಮ ಬೇವು, ಅರಳಿ ಎಲೆ ಉದುರಿಸುವುದು ಮಾಘ, ಫಾಲ್ಗುಣದಲ್ಲಿ, ಯುಗಾದಿಗೆ ಚಿಗುರು ಬೇಕೆಂಬ ಅವಸರಕ್ಕೆ. ಆಶ್ವೀಜದಲ್ಲಿ ಇಲ್ಲಿ ಉದುರುವುದು ಹೆಸರುಕಾಳಿನ ದರ. ಉಳಿದಂತೆ ತೊಗರಿ ಹಸಿರಾಗಿ ಎದೆಮಟ ನಿಂತು ಹಳದಿ ಹೂವಿಗೆ ಬರುತ್ತಿರುತ್ತದೆ, ಎರೆ ಹೊಲದಲ್ಲಿ ಹಿಂಗಾರಿ ಜೋಳದ ಬಿತ್ತನೆ ನಡೆದಿರುತ್ತದೆ, ಹತ್ತಿ ಬಿಡಿಸಲು ಆಳು ಸಿಗದೆ ರೈತ ಫೋನು ಹಿಡಿದು ಓಡಾಡುತ್ತಿರುತ್ತಾನೆ. ಮಳೆ ಮುಗಿಯಿತೆಂದು ನಿಟ್ಟುಸಿರು ಬಿಡುವಾಗಲೇ ಒಮ್ಮೊಮ್ಮೆ ಬಂಗಾಳಕೊಲ್ಲಿಯ ಕಡೆಯಿಂದ ಇನ್ನೊಂದು ಮಳೆ ಬಂದು ಹೊಡೆಯುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ದಡ ಮೀರಿ ಹೊಲಕ್ಕೆ ನುಗ್ಗಿದ್ದು ಇದೇ ಶರತ್ಕಾಲದಲ್ಲಿ. ಆಗ ಯಾರ ಮನೆಯ ಮೇಜೂ ಇದ್ದಲ್ಲಿ ಇರಲಿಲ್ಲ.

ಕೆಂಪು ಎಲೆಯೇ ಬೇಕು ಎಂದು ಹಟ ಹಿಡಿದವರಿಗೆ ಒಂದು ದಾರಿ ಇದೆ. ದೀಪಾವಳಿಯ ಹೊತ್ತಿಗೆ ಹತ್ತಿ ಹೊಲಕ್ಕೆ ಹೋಗಿ. ಐದು ಹಾಲೆಯ ಎಲೆ, ಅಂಚಿನಿಂದ ಶುರುವಾಗಿ ನಡುವಿನವರೆಗೆ ಕಡುಗೆಂಪು. ಫೋನಿನ ಮೇಪಲ್ ಎಲೆಗೂ ಇದಕ್ಕೂ ಬಣ್ಣದಲ್ಲಿ ಕೂದಲೆಳೆಯ ಅಂತರ. ಚಿತ್ರ ತೆಗೆದುಕೊಳ್ಳಿ, ಆದರೆ ಹೊಲದ ಒಡೆಯನ ಎದುರಿಗೆ 'ಎಷ್ಟು ಚಂದ ಅದಾವ್ರಿ' ಎನ್ನಬೇಡಿ. ಅದಕ್ಕೆ ರೈತರು ಲಾಲ್ಯಾ ಎನ್ನುತ್ತಾರೆ. ಗಿಡಕ್ಕೆ ಮೆಗ್ನೀಷಿಯಂ, ಸಾರಜನಕ ಸಾಲದಾಗಿ, ರಾತ್ರಿಯ ಚಳಿಯೂ ಸೇರಿ ಎಲೆ ಕೆಂಪಗಾಗುತ್ತದೆ, ಆಮೇಲೆ ಒಣಗುತ್ತದೆ, ಕಾಯಿ ಸಣ್ಣದಾಗಿ ಉಳಿಯುತ್ತದೆ. ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಬೆರೆಸಿ ಸಿಂಪಡಿಸಿ ಎನ್ನುತ್ತಾರೆ ಕೃಷಿ ಇಲಾಖೆಯವರು. ಕೆನಡಾದವರು ಬಾವುಟದ ಮೇಲೆ ಹಾಕಿಕೊಂಡ ಬಣ್ಣಕ್ಕೆ ನಾವು ಔಷಧಿ ಹೊಡೆಯುತ್ತೇವೆ.

ಈ ಸೀಮೆಯಲ್ಲಿ ಶರತ್ಕಾಲದ ಇಂಗ್ಲಿಷ್ ನೆನಪು ಇಟ್ಟುಕೊಂಡು ಬದುಕಿರಬಹುದಾದವರಲ್ಲಿ ಒಬ್ಬರು, ಸುರಪುರದಲ್ಲಿ 1841ರಿಂದ ಹತ್ತು ವರ್ಷಕ್ಕೂ ಮೇಲೆ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರು. ಅವರ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ಗುಡ್ಡದ ಮೇಲಿದೆ. ಆದರೂ ಸುರಪುರದ ಜನ ಅವರಿಂದ ಕಟ್ಟಿಗೆಯ ಕುಂಬಳಕಾಯಿ ಕಲಿಯಲಿಲ್ಲ.

ಹಂತ 1: ಏನು ಕೆತ್ತಬೇಕು

ಫೋನಿನ ಪಟ್ಟಿಯಲ್ಲಿ ಇದ್ದದ್ದೆಲ್ಲ ಕೆತ್ತಬಹುದು. ಕೆತ್ತಿದ ಮೇಲೆ ಅದು ಏನಾಗುತ್ತದೆ ಎಂಬುದು ಮಾತ್ರ ನಿಮ್ಮ ಕೈಯಲ್ಲಿಲ್ಲ.

ಮೇಪಲ್ ಎಲೆಯನ್ನು ನೋಡಿದ ಮೊದಲನೆಯವರು 'ಔಡಲ ಎಲಿ ಯಾಕ ಕೆತ್ತೀರಿ ಅಣ್ಣಾರ?' ಎಂದು ಕೇಳುತ್ತಾರೆ. ಎರಡನೆಯವರು ಪುಂಡಿ ಎನ್ನುತ್ತಾರೆ, ಪಲ್ಯದ ನೆನಪಾಗಿ ಎದ್ದು ಹೋಗುತ್ತಾರೆ. ಹಾಲೆಗಳನ್ನು ಸ್ವಲ್ಪ ಉದ್ದ ಮಾಡಿದ್ದರೆ ಮೂರನೆಯವರು ಏನೂ ಅನ್ನದೆ ನಿಮ್ಮ ಮುಖ ನೋಡುತ್ತಾರೆ. ಆ ಎಲೆ ಬೆಳೆದವರ ಮೇಲೆ ಕೇಸು ಆಗುತ್ತದೆ.

ಓಕ್ ಕಾಯಿ ಕೆತ್ತಿ ಮುಗಿಸುವಷ್ಟರಲ್ಲಿ ಮಕ್ಕಳು ಅದಕ್ಕೆ ಮೊಳೆ ಬಡಿದು ದಾರ ಸುತ್ತಿರುತ್ತಾರೆ. ಬಗರಿ ಅಂದರೆ ಬಗರಿಯೇ. ಚೆನ್ನಾಗಿ ತಿರುಗಿದರೆ ನಿಮ್ಮ ಕೆತ್ತನೆ ಸಮತೂಕವಾಗಿದೆ ಎಂದು ಅರ್ಥ, ಬೇಸರ ಬೇಡ.

ಕುಂಬಳಕಾಯಿ ಇದ್ದುದರಲ್ಲಿ ಸುಲಭ, ಅಪಾಯವೂ ಅದಕ್ಕೇ ಹೆಚ್ಚು. ನಮ್ಮಲ್ಲಿ ಕುಂಬಳಕಾಯಿಗೆ ಈ ಋತುವಿನಲ್ಲಿ ಬೇರೆ ಕೆಲಸಗಳಿವೆ. ಆಯುಧಪೂಜೆಗೆ ಬೂದುಗುಂಬಳದೊಳಗೆ ಕುಂಕುಮ ತುಂಬಿ ಟ್ರ್ಯಾಕ್ಟರಿನ ಮುಂದೆ ಒಡೆಯಬೇಕು. ಶೀಗಿ ಹುಣ್ಣಿಮೆಗೆ ಅಡುಗೆಗೆ ಬೇಕು, ಚರಗ ಚೆಲ್ಲಲು ಹೊಲಕ್ಕೆ ಒಯ್ಯಬೇಕು. ಮನೆ ಕಟ್ಟಿಸುವವರು ದೃಷ್ಟಿಗೆಂದು ಕಟ್ಟಬೇಕು. ಕಟ್ಟಿಗೆಯದು ಕೊಳೆಯುವುದಿಲ್ಲ ಎಂದು ತಿಳಿದ ಕೂಡಲೇ ನಿಮ್ಮ ಅಲಂಕಾರವನ್ನು ಯಾರೋ ಕೇಳಿ ಒಯ್ದು ಹೊಸ ಮನೆಯ ಸಜ್ಜಾಕ್ಕೆ ನೇತುಹಾಕುತ್ತಾರೆ.

ಬನ್ನಿ ಎಲೆಯ ಗೊಡವೆಗೆ ಹೋಗಬೇಡಿ. ಒಂದು ಕಡ್ಡಿಗೆ ಎರಡೂ ಕಡೆ ಸಾಲುಸಾಲಾಗಿ ಕಿರುಎಲೆ, ಒಂದೊಂದರ ಅಗಲ ಕೆಲವೇ ಮಿಲಿಮೀಟರ್. ಮೇಲಾಗಿ ಅದನ್ನು ಕೆತ್ತುವ ಅಗತ್ಯವೇ ಇಲ್ಲ. ವಿಜಯದಶಮಿಯ ಸಂಜೆ ಓಣಿಯವರೆಲ್ಲ ಬಂದು, ಬನ್ನಿ ಕೊಟ್ಟು, ಬಂಗಾರದಂಗ ಇರೂನು ಎಂದು ಹೇಳಿ ಹೋದ ಮೇಲೆ ನಿಮ್ಮ ಮೇಜಿನ ಮೇಲೆ ಪಹಣಿ ಕಾಣದಷ್ಟು ಎಲೆ ಬಿದ್ದಿರುತ್ತದೆ.

ಹಂತ 2: ಕಟ್ಟಿಗೆ

ಬಳ್ಳಾರಿ ಜಾಲಿ ಬೇಕಾದಷ್ಟಿದೆ, ಹಳಿಯ ಪಕ್ಕ, ಕೆರೆಯ ಅಂಗಳ, ಸರಕಾರಿ ಜಾಗ, ಎಲ್ಲೆಲ್ಲೂ. ಕಡಿದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ನೆಟ್ಟಗಿನ ಒಂದು ಗೇಣು ಸಿಗುವಷ್ಟರಲ್ಲಿ ಮುಳ್ಳು ನಿಮ್ಮ ಅಂಗಿಯನ್ನು ಕೆತ್ತಿರುತ್ತದೆ. ಕರಿಜಾಲಿ ಬಂಡಿಯ ಗಾಲಿಗೆ, ನೇಗಿಲಿಗೆ ಹೇಳಿ ಮಾಡಿಸಿದ ಮರ, ಅಲಂಕಾರದ ಮಾತು ಕೇಳುವುದಿಲ್ಲ, ಉಳಿಯನ್ನೇ ಹಲ್ಲು ಮುರಿದು ಕಳಿಸುತ್ತದೆ. ಹುಣಸೆಯ ಒಳತಿರುಳು ಕಪ್ಪುಗೆಂಪಾಗಿ ಬಲು ಚಂದ, ಆದರೆ ಅದರಲ್ಲಿ ಗಾಣ, ಕೊಡತಿ ಮಾಡಿದರೇ ಹೊರತು ಯಾರೂ ಇಣಚಿ ಮಾಡಲಿಲ್ಲ, ಕಾರಣ ಅದೇ ಗಟ್ಟಿತನ. ಬೇವು ಸಾಧುಮರ. ಗೆದ್ದಲು ಹತ್ತುವುದಿಲ್ಲ, ಉಳಿಗೆ ಒಗ್ಗುತ್ತದೆ, ಉಜ್ಜಿದ ಪುಡಿ ಬಾಯಿಗೆ ಬಿದ್ದರೆ ಯುಗಾದಿಯನ್ನು ನೆನಪಿಸುತ್ತದೆ. ಹಸಿ ಮರ ಕಡಿಯುವ ಯೋಚನೆ ಇದ್ದರೆ 1976ರ ಮರ ಸಂರಕ್ಷಣಾ ಕಾಯ್ದೆಯೂ ನೆನಪಿರಲಿ.

ಗೊಂಬೆ ಮಾಡುವವರು ಮೊದಲಿಂದ ಹಗುರ ಮರವನ್ನೇ ಹುಡುಕಿದವರು. ಚನ್ನಪಟ್ಟಣದವರಿಗೆ ಆಲೆಮರ, ಅದನ್ನು ಚರಕಿಗೆ ಹಚ್ಚಿ ಅರಗಿನ ಬಣ್ಣ ಕೊಡುತ್ತಾರೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರಿಗೆ ಪೊಳಕಿ ಮರ. ಅವರು ಬಿಡಿ ತುಂಡುಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟಿನಿಂದ ಸಂದು ಮುಚ್ಚಿ, ಮೇಲೆ ಬಣ್ಣ ಹಚ್ಚುತ್ತಾರೆ. ಗಡಿಯ ಆಚೆ ತೆಲಂಗಾಣದ ನಿರ್ಮಲ್‌ನಲ್ಲೂ ಹಗುರ ಮರದ್ದೇ ಗೊಂಬೆ. ಸೈದಾಪುರದ ಸಾ ಮಿಲ್ಲಿನಲ್ಲಿ ಇವುಗಳಲ್ಲಿ ಒಂದನ್ನು ಕೇಳಿದರೆ ಪ್ಲೈವುಡ್ ತೋರಿಸುತ್ತಾರೆ.

ಹಸಿ ತುಂಡು ಸಿಕ್ಕಿತೆಂದು ಖುಷಿಪಡಬೇಡಿ. ಒಂದು ಇಂಚು ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಸುಮಾರು ಒಂದು ವರ್ಷ ಎಂಬುದು ಮರಗೆಲಸದ ಸಾಮಾನ್ಯ ಲೆಕ್ಕ. ಮೂರು ಇಂಚಿನ ಕುಂಬಳಕಾಯಿಗೆ ಇವತ್ತು ಕೈ ಹಚ್ಚಿದರೆ ಇನ್ನು ಮೂರನೆಯ ಶರತ್ಕಾಲಕ್ಕೆ ತಯಾರು. ತಡೆಯಲಾರದೆ ಹಸಿಯದನ್ನೇ ಕೆತ್ತಿದರೆ ನಮ್ಮ ಏಪ್ರಿಲ್ ಬಿಸಿಲು ಅದನ್ನು ಬಾಯಿ ಬಿಡಿಸುತ್ತದೆ. ತುಂಡಿನ ಎರಡೂ ತುದಿಗೆ ಮೇಣವನ್ನೋ ಹಳೆ ಬಣ್ಣವನ್ನೋ ಬಳಿದಿಟ್ಟರೆ ಬಿರುಕು ಕಡಿಮೆ, ಏಕೆಂದರೆ ನೀರು ಹೆಚ್ಚಾಗಿ ಹೊರಬೀಳುವುದು ತುದಿಯಿಂದಲೇ.

ಎಲ್ಲಕ್ಕಿಂತ ಒಳ್ಳೆಯದು ಮಾಳಗಿ ಮನೆಯ ಜಂತಿ. ಆರ್‌ಸಿಸಿ ಹಾಕಿಸಲು ಮಣ್ಣಿನ ಮಾಳಗಿ ಕೆಡವುವ ಮನೆ ಪ್ರತಿ ಓಣಿಯಲ್ಲೂ ಒಂದಿದೆ. ಅಜ್ಜನ ಕಾಲದಿಂದ ಹೊಗೆಯಲ್ಲಿ ಒಣಗಿದ ಕಟ್ಟಿಗೆ, ಇನ್ನು ಸೊಟ್ಟಾಗುವ ಮಾತಿಲ್ಲ. ಒಳಗೆ ಮುರಿದ ಮೊಳೆ ಇದೆಯೇ ಎಂದು ಅಯಸ್ಕಾಂತ ಹಿಡಿದು ನೋಡಿಕೊಳ್ಳಿ.

ಹಂತ 3: ಆಯುಧ

ಬಡಿಗೇರ ಕಾಕಾನ ಅಂಗಡಿಗೆ ಹೋಗಬೇಕು. ಸಂಭಾಷಣೆ ಹೀಗಿರುತ್ತದೆ.

'ಕಾಕಾ, ಒಂದ್ ಸಣ್ಣ ಉಳಿ ಕೊಡ್ರಿ.'

'ಯಾತಕೋ ತಮ್ಮಾ?'

'ಎಲಿ ಕೆತ್ತಬೇಕ್ರಿ.'

'ಎಲಿ ಗಿಡದಾಗ ಅದಾವಲ್ಲೋ.'

ಇಲ್ಲಿ ವಾದಕ್ಕಿಳಿಯಬೇಡಿ. ಉಳಿಯನ್ನು ಯಾವ ಬಡಿಗೇರರೂ ಎರವಲು ಕೊಡುವುದಿಲ್ಲ, ಕೊಟ್ಟರೆ ಹಲ್ಲು ಹೋದ ಒಂದನ್ನು ಕೊಡುತ್ತಾರೆ. ಅದೂ ನಡೆಯುತ್ತದೆ, ಸಾಣೆಕಲ್ಲಿಗೆ ನೀರು ಬಿಟ್ಟು ಹಿಡಿಯಿರಿ. ಅಂಗಡಿಯಲ್ಲಿ ಕುಳಿತಾಗ ಸುತ್ತ ನೋಡಿ: ಬಾಚಿ, ಕೊಡತಿ, ರಂದಾ, ಗರಗಸ, ಮೂಲೆಯಲ್ಲಿ ಬಿಚ್ಚಿಟ್ಟ ಕೂರಿಗೆಯ ಬಟ್ಟಲು. ಕುಂಟೆ, ಕೂರಿಗೆ, ಬಂಡಿ ಮಾಡಿಕೊಟ್ಟು ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದ ಕೈಗಳು ಈಗ ಹೆಚ್ಚಾಗಿ ಬಾಗಿಲಿಗೆ ಲ್ಯಾಮಿನೇಟ್ ಅಂಟಿಸುತ್ತವೆ. ಬಿತ್ತನೆಗೆ ಟ್ರ್ಯಾಕ್ಟರ್ ಬಂದಿದೆ. ಹತ್ತಿರದ ಕಡೇಚೂರಿನಲ್ಲಿ ರೈಲು ಬೋಗಿಯ ಚೌಕಟ್ಟು ಮಾಡುವ ಕಾರ್ಖಾನೆಯೇ ಇದೆ, ಅಲ್ಲಿಗೆ ಹೋಗಿ ಉಳಿ ಕೇಳಬೇಡಿ.

ಹಂತ 4: ಕೆತ್ತುವುದು

ಎಳೆ ಹೋದ ಕಡೆಗೆ ಉಳಿ ಹೋಗಲಿ. ಎಡಗೈ ಯಾವತ್ತೂ ಉಳಿಯ ಬಾಯಿಯ ಹಿಂದೆ ಇರಲಿ. ಸ್ವಲ್ಪ ಸ್ವಲ್ಪ ತೆಗೆಯಿರಿ. ಇಷ್ಟೇ. ಉಳಿದದ್ದನ್ನು ಕೈಪಿಡಿ ಕಲಿಸಲಾರದು.

ಹಂತ 5: ಮೆರುಗು

ಪಾಲಿಶ್ ಪೇಪರಿನಿಂದ ಉಜ್ಜಿ, ಅಗಸಿ ಎಣ್ಣೆ ಹಚ್ಚಿ. ಇದು ಒಣಗುವ ಎಣ್ಣೆ, ಗಾಳಿಗೆ ಕೆಲವು ದಿನ ಬಿಟ್ಟರೆ ಮೇಲೊಂದು ಪದರ ಕಟ್ಟುತ್ತದೆ. ಶೇಂಗಾ ಎಣ್ಣೆ ಹಚ್ಚಿದರೆ ಒಣಗುವುದಿಲ್ಲ, ಇರುವೆ ಬರುತ್ತವೆ. ಎಚ್ಚರಿಕೆ, ಇದು ತಮಾಷೆಯಲ್ಲ: ಅಗಸಿ ಎಣ್ಣೆಯ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಒಳಗೊಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ತಿದ್ದುಪಡಿ

ಇಲ್ಲಿಗೆ ಫೋನಿನ ಕೈಪಿಡಿ ಮುಗಿಯಿತು. ಇನ್ನು ನಮ್ಮದು.

ಶರತ್ಕಾಲಕ್ಕೆಂದೇ ಕಟ್ಟಿಗೆ ಕೆತ್ತುವ ವಿದ್ಯೆ ನಮ್ಮ ಸೀಮೆಯಲ್ಲಿ ಇಲ್ಲ ಎಂದುಕೊಂಡು ಇಷ್ಟು ದೂರ ಬಂದಿರಿ. ಇದೆ. ಅದನ್ನು ಯಾರೂ ಮೇಜಿನ ಮೇಲೆ ಇಡುವುದಿಲ್ಲವಾದ್ದರಿಂದ ಕಣ್ಣಿಗೆ ಬಿದ್ದಿಲ್ಲ. ಅಟ್ಟದ ಮೇಲೆ, ಹಿತ್ತಾಳೆ ಕೊಪ್ಪರಿಗೆಯ ಹಿಂದೆ, ಹಳೆ ಸೀರೆಯ ಗಂಟಿನಲ್ಲಿ ಹುಡುಕಿ: ಅಂಗೈ ಅಗಲದ ಸಾಗವಾನಿಯ ಎರಡು ತುಂಡು, ಒಂದರ ಮುಖಕ್ಕೆ ಇನ್ನೊಂದರ ಮುಖ. ಬಿಚ್ಚಿದರೆ ಒಳಗೆ ಆನೆ. ಆನೆ ಅಂದರೆ ಆನೆಯಷ್ಟು ಜಾಗ.

ಇದು ಸಕ್ಕರೆ ಆರತಿಯ ಅಚ್ಚು. ಮೈಸೂರು ಕಡೆಯವರಿಗೆ ಸಕ್ಕರೆ ಅಚ್ಚು ಎಂದರೆ ಸಂಕ್ರಾಂತಿ. ನಮ್ಮ ಕಡೆ, ವಿಜಯಪುರ, ಬಾಗಲಕೋಟೆಯಿಂದ ಕೊಪ್ಪಳ, ರಾಯಚೂರು, ಕಲಬುರಗಿವರೆಗೆ, ಅದು ಗೌರಿ ಹುಣ್ಣಿಮೆಯದು, ಅಂದರೆ ಕಾರ್ತಿಕದ ಹುಣ್ಣಿಮೆ, ಶರದೃತುವಿನ ಕೊನೆಯ ಹುಣ್ಣಿಮೆ. ಹೆಣ್ಣುಮಕ್ಕಳು ತಟ್ಟೆಯ ತುಂಬ ಬಿಳಿ, ಗುಲಾಬಿ, ಹಳದಿ ಬಣ್ಣದ ಆನೆ, ಕುದುರೆ, ಒಂಟೆ, ನವಿಲು, ಗಿಳಿ, ತೇರು, ಬಸವಣ್ಣ ಜೋಡಿಸಿ, ನಡುವೆ ದೀಪ ಹಚ್ಚಿಕೊಂಡು ಗೌರಿಗೆ ಆರತಿ ಎತ್ತಲು ಹೋಗುತ್ತಾರೆ. ಮದುವೆ ಗೊತ್ತಾದ ಹುಡುಗಿ ಇದ್ದರೆ ಗಂಡಿನ ಕಡೆಯವರು ಸೀರೆ, ಹೂವಿನ ದಂಡೆ, ಸಕ್ಕರೆ ಆರತಿ ತೆಗೆದುಕೊಂಡು ಬರುತ್ತಾರೆ. ಆ ಸಕ್ಕರೆ ಎಷ್ಟು ಕಿಲೋ ಇತ್ತು ಎಂಬುದು ಎರಡೂ ಮನೆಯವರಿಗೆ ಬಹಳ ಕಾಲ ನೆನಪಿರುತ್ತದೆ.

ಈ ಅಚ್ಚು ಕೆತ್ತುವುದರ ಮುಂದೆ ಮೇಪಲ್ ಎಲೆ ಮಕ್ಕಳಾಟ. ಇಲ್ಲಿ ಕೆತ್ತುವವನು ಆನೆಯನ್ನು ಮಾಡುವುದಿಲ್ಲ, ಆನೆಯಲ್ಲದ್ದನ್ನು ಉಳಿಸುತ್ತಾನೆ. ಎಡಕ್ಕೆ ನೋಡಬೇಕಾದ ಗಿಳಿಯನ್ನು ಬಲಕ್ಕೆ ಮುಖ ಮಾಡಿ ಕೆತ್ತಬೇಕು. ಅಂಬಾರಿಯ ಅಂಚು ಸಕ್ಕರೆಯಲ್ಲಿ ಉಬ್ಬಿ ಕಾಣಬೇಕಾದರೆ ಕಟ್ಟಿಗೆಯಲ್ಲಿ ಗೀರಾಗಿ ಇಳಿಯಬೇಕು. ಕಣ್ಣು ಬೇಕಾದಲ್ಲಿ ಬರ್ಮಾದ ತುದಿಯಿಂದ ಒಂದು ಕುಳಿ. ಕುಳಿಯ ಗೋಡೆ ಎಲ್ಲಿಯೂ ಒಳಕ್ಕೆ ಸರಿದಿರಬಾರದು, ಬಾಯಿ ಅಗಲ, ತಳ ಕಿರಿದು. ಒಂದು ಕೂದಲಿನಷ್ಟು ಒಳಗೆ ಕೊರೆದರೂ ಗಟ್ಟಿಯಾದ ಸಕ್ಕರೆ ಅಲ್ಲಿ ಸಿಕ್ಕಿಬಿದ್ದು ಕಿವಿ ಮುರಿಯುತ್ತದೆ. ಸೊಂಡಿಲನ್ನು ಗಾಳಿಯಲ್ಲಿ ತೂಗುಬಿಡುವಂತಿಲ್ಲ, ಮುಂಗಾಲಿಗೆ ತಾಗಿಸಿಯೇ ಇರಬೇಕು, ಇಲ್ಲದಿದ್ದರೆ ಅಚ್ಚು ಬಿಡಿಸುವಾಗ ಸೊಂಡಿಲು ಅಚ್ಚಿನಲ್ಲಿ, ಆನೆ ಕೈಯಲ್ಲಿ. ಇಷ್ಟೆಲ್ಲವನ್ನೂ ಎರಡನೇ ಹಲಗೆಯಲ್ಲಿ ತಿರುಗುಮುರುಗಾಗಿ ಮತ್ತೊಮ್ಮೆ ಮಾಡಬೇಕು. ಎರಡೂ ಅರ್ಧಗಳು ಕೂಡುವಲ್ಲಿ ಜಾರದಂತೆ ಒಂದರಲ್ಲಿ ಸಣ್ಣ ಗೂಟ, ಇನ್ನೊಂದರಲ್ಲಿ ಅದಕ್ಕೆ ತೂತು. ಕೆತ್ತುತ್ತಾ ನಡುನಡುವೆ ಕಣಕದ ಉಂಡೆಯನ್ನು ಒತ್ತಿ ತೆಗೆದು ನೋಡಬೇಕು, ಏಕೆಂದರೆ ಕುಳಿಯನ್ನು ನೋಡಿ ಉಬ್ಬನ್ನು ಊಹಿಸುವುದು ಪಳಗಿದ ಕಣ್ಣಿಗೂ ತಪ್ಪುತ್ತದೆ.

ನೀವು ಇದನ್ನು ಕೆತ್ತಬೇಕೆಂದು ಈ ಕೈಪಿಡಿ ಹೇಳುವುದಿಲ್ಲ. ಬಡಿಗೇರ ಕಾಕಾನಿಗೆ ಹೇಳಿ ಮಾಡಿಸಿ. ಎಲೆ ಎಂದಾಗ ನಕ್ಕವರು ಆರತಿ ಅಚ್ಚು ಎಂದರೆ ಕನ್ನಡಕ ಒರೆಸಿಕೊಳ್ಳುತ್ತಾರೆ. ರೇಟು ಕೇಳಿ ಚೌಕಾಸಿ ಮಾಡಬೇಡಿ. ಎರಡು ಆನೆಯ ಕೆಲಸಕ್ಕೆ ಒಂದು ಆನೆಯ ದುಡ್ಡು ಕೇಳಿರುತ್ತಾರೆ.

ಬಳಸುವ ಕ್ರಮ: ಅಚ್ಚನ್ನು ಮೊದಲು ತಾಸುಗಟ್ಟಲೆ ನೀರಿನಲ್ಲಿ ನೆನೆಹಾಕಿ. ನೀರು ಕುಡಿದ ಕಟ್ಟಿಗೆ ಪಾಕ ಕುಡಿಯುವುದಿಲ್ಲ, ಸಕ್ಕರೆ ಅಂಟುವುದಿಲ್ಲ. ಒರೆಸಿ, ಜೋಡಿಸಿ, ದಾರದಿಂದಲೋ ಹಳೆ ಸೈಕಲ್ ಟ್ಯೂಬಿನ ಪಟ್ಟಿಯಿಂದಲೋ ಬಿಗಿಯಾಗಿ ಕಟ್ಟಿ. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದಿಷ್ಟು ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ತೆಗೆದುಬಿಡಿ. ಹನಿ ನೀರಿಗೆ ಬಿಟ್ಟರೆ ಗಟ್ಟಿ ಗುಂಡಾಗುವವರೆಗೆ ಪಾಕ ಬರಲಿ, ಇಳಿಸಿ, ಬೆಳ್ಳಗೆ ಮಬ್ಬಾಗುವವರೆಗೆ ತಿರುವಿ, ತಡಮಾಡದೆ ಆನೆಯ ಪಾದದ ಕಡೆಯ ತೂತಿನಿಂದ ಸುರಿಯಿರಿ. ಕೆಲವೇ ನಿಮಿಷ. ಬಿಚ್ಚಿ. ಬಂದ ಆನೆಯನ್ನು ಮೇಜಿನ ಮೇಲೆ, ಪಹಣಿ ಸರಿಸಿ, ಇಡಿ. ನೀವು ಕೇಳಿದ ಶರತ್ಕಾಲದ ಅಲಂಕಾರ ಇದೇ, ಋತುವಿಗೂ ಸರಿ, ಊರಿಗೂ ಸರಿ. ಇರುವೆ ಮತ್ತು ಮಕ್ಕಳು ಎರಡೇ ಶತ್ರು, ಎರಡನೆಯವರನ್ನು ತಡೆಯಲು ಹೋಗಬೇಡಿ.

ಕೊನೆಯದಾಗಿ ಅಟ್ಟದ ಗಂಟಿನ ಬಗ್ಗೆ. ಹಳೆ ಸಾಮಾನು ಕೊಳ್ಳುವವರು ಓಣಿಗೆ ಬಂದು ಅಚ್ಚಿಗೆ ಚಲೋ ದುಡ್ಡು ಕೊಡುತ್ತೇವೆ ಎನ್ನುತ್ತಾರೆ, ಬೆಂಗಳೂರಿನ ಯಾರದೋ ಗೋಡೆಗೆ ಅದು ತೂಗುಬೀಳುತ್ತದೆ. ಕೊಡಬೇಡಿ. ಕೊಡದೆ ಇಟ್ಟುಕೊಂಡವರು ಚಂದ ಕಾಣಲಿ ಎಂದು ಅದಕ್ಕೆ ವಾರ್ನಿಷ್ ಹಚ್ಚಲೂಬೇಡಿ. ಅದರಿಂದ ತೆಗೆದದ್ದನ್ನು ಮಕ್ಕಳು ತಿನ್ನುತ್ತಾರೆ.